ಪ್ರನಾಳದಲ್ಲಿ ಗೆದ್ದ ಎಲೆ

ಬ್ಲ್ಯಾಕ್‌ಕರಂಟ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನೇರಳೆ ಬಣ್ಣದ ಐಸ್‌ಕ್ರೀಂ. ಯುರೋಪಿನಲ್ಲಿ ನಾಲ್ಕು ದಿನ ಇದ್ದು ಬಂದವರಿಗೆ ಹುಳಿಹುಳಿಯಾದ ಕಪ್ಪು ಹಣ್ಣು, ಅದರ ಜಾಮು, ಶರಬತ್ತು ಗೊತ್ತಿರುತ್ತದೆ. ಗಿಡದ ಎಲೆಯ ಸುದ್ದಿ ಯಾರೂ ಎತ್ತುವುದಿಲ್ಲ. ಆದರೆ ಪ್ರಯೋಗಾಲಯದಲ್ಲಿ ಅಳೆದು ನೋಡಿದವರು ಹೇಳುವುದೇ ಬೇರೆ. 2006ರಲ್ಲಿ ಬೆಲ್ಜಿಯಂನ ಲಿಯೆಜ್ ವಿಶ್ವವಿದ್ಯಾಲಯದ ಸಂಶೋಧಕರು ಬ್ಲ್ಯಾಕ್‌ಕರಂಟಿನ ಮೊಗ್ಗು, ಎಲೆ, ಹಣ್ಣು ಮೂರನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸಿದರು. ಫಿನಾಲಿಕ್ ಸಂಯುಕ್ತಗಳಲ್ಲೂ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯದಲ್ಲೂ ಮೊಗ್ಗು ಮತ್ತು ಎಲೆ ಹಣ್ಣನ್ನು ಹಿಂದಿಕ್ಕಿದವು. ಒಳ್ಳೆಯ ಇಳುವರಿ ಬೇಕಿದ್ದರೆ ಜೂನ್ ತಿಂಗಳಲ್ಲಿ ಎಲೆ ಕೊಯ್ಯಬೇಕು ಎಂಬುದೂ ಆ ಅಧ್ಯಯನದಲ್ಲೇ ಹೊರಬಿತ್ತು. ಆಮೇಲೆ ಸ್ವೀಡನ್, ಪೋಲೆಂಡ್, ಜರ್ಮನಿಗಳಿಂದಲೂ ಪ್ರಬಂಧಗಳು ಬಂದವು. ಅವುಗಳ ಬೆನ್ನಿಗೇ ಮಾರುಕಟ್ಟೆಗೆ ಎಲೆಯ ಪುಡಿ, ಕ್ಯಾಪ್ಸೂಲ್, ಚಹಾ ಪೊಟ್ಟಣಗಳೂ ಬಂದವು.

ಎಲೆಯಲ್ಲಿ ಸರಕು ಇದೆ, ಅದರಲ್ಲಿ ಎರಡು ಮಾತಿಲ್ಲ. ಆ ಸರಕು ಯಾರಿಗೆ, ಎಲ್ಲಿ, ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬಲ್ಲಿ ಸಂಶೋಧನೆ ಹೇಳುವುದಕ್ಕೂ ಪೊಟ್ಟಣದ ಮೇಲೆ ಅಚ್ಚಾಗುವುದಕ್ಕೂ ಬಹಳ ಅಂತರವಿದೆ.

ಮೊದಲು ಗಿಡ ಯಾವುದೆಂದು ಖಚಿತಪಡಿಸಿಕೊಳ್ಳೋಣ. ಬ್ಲ್ಯಾಕ್‌ಕರಂಟ್, ರೆಡ್‌ಕರಂಟ್, ಗೂಸ್‌ಬೆರಿ ಮೂರೂ ‘ರೈಬಿಸ್’ ಎಂಬ ಒಂದೇ ಕುಲದ ಪೊದೆಗಳು. ನಮ್ಮ ಬೆಟ್ಟದ ನೆಲ್ಲಿಗೂ ಇವಕ್ಕೂ ಯಾವ ನಂಟೂ ಇಲ್ಲ. ದಿನಸಿ ಅಂಗಡಿಯಲ್ಲಿ ಕರಂಟ್ ಎಂದು ಕೊಡುವ ಸಣ್ಣ ಕಪ್ಪು ಒಣಹಣ್ಣು ದ್ರಾಕ್ಷಿ ಜಾತಿಯದು. ರೈಬಿಸ್ ಪೊದೆಗೆ ಚಳಿಗಾಲದಲ್ಲಿ ದೀರ್ಘಕಾಲ ಗಟ್ಟಿ ಚಳಿ ಸಿಗಲೇಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಹಾಗಾಗಿ ಕರ್ನಾಟಕದ ತೋಟಗಳಲ್ಲಿ ಇದಕ್ಕೆ ಜಾಗವಿಲ್ಲ. ಭಾರತದಲ್ಲೇ ಇಲ್ಲವೆಂದಲ್ಲ. ಲಡಾಖ್, ಲಾಹೌಲ್-ಸ್ಪಿತಿ, ಕಾಶ್ಮೀರದ ಎತ್ತರದ ಕಣಿವೆಗಳಲ್ಲಿ ರೈಬಿಸ್ ಓರಿಯೆಂಟೇಲ್, ರೈಬಿಸ್ ಆಲ್ಪೆಸ್ಟ್ರೆಯಂಥ ಕಾಡು ಪ್ರಭೇದಗಳಿವೆ. ಅವುಗಳ ಮಾತು ಮುಂದೆ ಬರುತ್ತದೆ.

ಬ್ಲ್ಯಾಕ್‌ಕರಂಟಿನ ಎಲೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರೆ ಬೆನ್ನಿನ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆಗಳು ಕಾಣುತ್ತವೆ. ಅವು ಗ್ರಂಥಿಗಳು. ಎಲೆಯನ್ನು ಬೆರಳಲ್ಲಿ ಹೊಸಕಿದರೆ ಆ ಗ್ರಂಥಿಗಳು ಒಡೆದು ಕಟುವಾದ ಒಂದು ವಾಸನೆ ಮೂಗಿಗೆ ಅಡರುತ್ತದೆ. ಕೆಲವರಿಗೆ ಅದು ಸುಗಂಧ, ಕೆಲವರಿಗೆ ಬೆಕ್ಕಿನ ಮೂತ್ರದ ನಾತ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬ್ಲ್ಯಾಕ್‌ಕರಂಟಿನ ಪರಿಮಳದಲ್ಲಿ ಗಂಧಕ ಸೇರಿದ ಒಂದು ಸಂಯುಕ್ತವಿದೆ, ಅದು ತೀರಾ ಕಡಿಮೆ ಪ್ರಮಾಣದಲ್ಲೂ ಮೂಗಿಗೆ ಸಿಕ್ಕಿಬೀಳುತ್ತದೆ. ಫ್ರಾನ್ಸಿನ ಬರ್ಗಂಡಿಯಲ್ಲಿ ಸುಗಂಧದ್ರವ್ಯದವರಿಗೆಂದೇ ಈ ಗಿಡದ ಮೊಗ್ಗು ಬಿಡಿಸುತ್ತಾರೆ. ರೆಡ್‌ಕರಂಟಿನ ಎಲೆಗೂ ಗೂಸ್‌ಬೆರಿ ಎಲೆಗೂ ಈ ಹಳದಿ ಗ್ರಂಥಿಗಳಿಲ್ಲ, ಹೊಸಕಿದರೆ ಬರುವುದು ಬರೀ ಹಸಿರು ವಾಸನೆ. ಮೂರೂ ಒಂದೇ ಕುಲದವು ಎಂದು ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುವವರು ಈ ಚಿಕ್ಕ ವ್ಯತ್ಯಾಸವನ್ನಾದರೂ ಗಮನಿಸಬೇಕು.

ಪರಿಮಳದ ಮಾತು ಒತ್ತಟ್ಟಿಗಿರಲಿ, ಆ್ಯಂಟಿಆಕ್ಸಿಡೆಂಟ್ ಲೆಕ್ಕದಲ್ಲಿ ದುಡಿಯುವ ಸಂಯುಕ್ತಗಳು ಬೇರೆಯವು. ಕ್ವೆರ್ಸೆಟಿನ್ ಮತ್ತು ಕೆಂಪ್‌ಫೆರಾಲ್ ಎಂಬ ಎರಡು ಫ್ಲೇವನಾಲ್‌ಗಳು ಸಕ್ಕರೆಯ ಅಣುವಿನ ಜೊತೆ ಸೇರಿಕೊಂಡು ರುಟಿನ್, ಐಸೊಕ್ವೆರ್ಸಿಟ್ರಿನ್ ಮೊದಲಾದ ರೂಪದಲ್ಲಿ ಎಲೆಯಲ್ಲಿರುತ್ತವೆ. ಕ್ಲೋರೊಜೆನಿಕ್ ಆಮ್ಲದ ಬಳಗವಿದೆ. ಬಾಯಿಗೆ ಒಗರು ಕೊಡುವ ಟ್ಯಾನಿನ್ ಗುಂಪಿನ ಪ್ರೊಡೆಲ್ಫಿನಿಡಿನ್‌ಗಳಿವೆ. ಹಸಿ ಎಲೆಯಲ್ಲಿ ವಿಟಮಿನ್ ಸಿ ಕೂಡ ಇದೆ. ಹಣ್ಣಿನ ಕಥೆ ಹೀಗಲ್ಲ. ಅದರ ಕಪ್ಪು ಬಣ್ಣವೇ ಆಂಥೋಸಯನಿನ್‌ಗಳದ್ದು, ಅದರ ಸಾಮರ್ಥ್ಯದ ದೊಡ್ಡ ಪಾಲು ಆ ಬಣ್ಣದಿಂದ ಮತ್ತು ವಿಟಮಿನ್ ಸಿಯಿಂದ ಬರುತ್ತದೆ. 100 ಗ್ರಾಂ ಹಣ್ಣಿನಲ್ಲಿ ಸುಮಾರು 180 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ, ಕಿತ್ತಳೆಯ ಮೂರು ಪಟ್ಟಿಗೂ ಹೆಚ್ಚು. ಹೀಗಿರುವಾಗ ‘ಹಣ್ಣಿಗಿಂತ ಎಲೆಯಲ್ಲಿ ಹೆಚ್ಚು’ ಎನ್ನುವಾಗ ಒಂದೇ ಪದಾರ್ಥದ ಹೆಚ್ಚುಕಡಿಮೆ ಹೇಳುತ್ತಿಲ್ಲ. ಎರಡು ಬೇರೆ ಬೇರೆ ಪದಾರ್ಥಗಳು ಒಂದೇ ಪರೀಕ್ಷೆ ಬರೆದಿವೆ, ಒಂದಕ್ಕೆ ಅಂಕ ಜಾಸ್ತಿ ಬಂದಿದೆ, ಅಷ್ಟೆ.

ಇನ್ನು ಎಲೆ ಇದನ್ನೆಲ್ಲ ತಯಾರಿಸುವುದು ನಮಗೋಸ್ಕರ ಅಲ್ಲ. ದ್ಯುತಿಸಂಶ್ಲೇಷಣೆ ನಡೆಯುವ ಜಾಗದಲ್ಲಿ ಕ್ರಿಯಾಶೀಲ ಆಮ್ಲಜನಕದ ಕಾಟ ತಪ್ಪಿದ್ದಲ್ಲ. ನೆತ್ತಿಯ ಮೇಲೆ ಅತಿನೇರಳೆ ಕಿರಣ ಬೇರೆ. ಕ್ವೆರ್ಸೆಟಿನ್ ಜಾತಿಯ ಸಂಯುಕ್ತಗಳು ಎಲೆಯ ಹೊರಪದರದಲ್ಲಿ ಕೂತು ಆ ಕಿರಣವನ್ನು ಸೋಸುತ್ತವೆ. ಬಿಸಿಲಿಗೆ ಬಿದ್ದ ಎಲೆಯಲ್ಲಿ ಅವು ಏರುತ್ತವೆ, ನೆರಳಿನ ಎಲೆಯಲ್ಲಿ ಇಳಿಯುತ್ತವೆ. ಟ್ಯಾನಿನ್ ಇರುವುದು ಎಲೆ ಮೇಯುವ ಹುಳುಗಳ ಬಾಯಿ ಕಟ್ಟುವುದಕ್ಕೆ. ಆದ್ದರಿಂದ ಎಲೆಯ ಫಿನಾಲಿಕ್ ಪ್ರಮಾಣ ಸ್ಥಿರವಾದ ಸಂಖ್ಯೆಯಲ್ಲ. ತಳಿ, ತಿಂಗಳು, ಅಕ್ಷಾಂಶ, ಎಲೆ ರೆಂಬೆಯ ಬುಡದ್ದೋ ತುದಿಯದ್ದೋ ಎಂಬುದು, ಎಲ್ಲವೂ ಅದನ್ನು ಅಲುಗಿಸುತ್ತವೆ. ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಬಾಲ್ಸ್‌ಗಾರ್ಡ್ ಕೇಂದ್ರದಲ್ಲಿ ಈ ಏರಿಳಿತವನ್ನೇ ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಗಟ್ಟಿ ಅನ್ನಿಸುವ ಭಾಗ ಇದೇ. ಇಲ್ಲಿ ಆರೋಗ್ಯದ ಆಶ್ವಾಸನೆ ಇಲ್ಲ, ಗಿಡವನ್ನು ಗಿಡವಾಗಿ ಅರಿಯುವ ಪ್ರಯತ್ನವಿದೆ.

ಪರೀಕ್ಷೆ ನಡೆಯುವುದು ಹೇಗೆ? ತೀರಾ ಸಾಮಾನ್ಯವಾದದ್ದು ಡಿಪಿಪಿಎಚ್ ಪರೀಕ್ಷೆ, 1958ರಿಂದ ಚಾಲ್ತಿಯಲ್ಲಿದೆ. ಡಿಪಿಪಿಎಚ್ ಎನ್ನುವುದು ಒಂಟಿ ಎಲೆಕ್ಟ್ರಾನು ಹೊತ್ತುಕೊಂಡು ನಿಂತಿರುವ, ಆದರೂ ಆಶ್ಚರ್ಯಕರವಾಗಿ ಸ್ಥಿರವಾಗಿರುವ ಒಂದು ಫ್ರೀ ರ್ಯಾಡಿಕಲ್. ಮದ್ಯಸಾರದಲ್ಲಿ ಕರಗಿಸಿದರೆ ಗಾಢ ನೇರಳೆ ದ್ರಾವಣ. ಅದಕ್ಕೆ ಎಲೆಯ ಸಾರ ಒಂದಿಷ್ಟು ಹನಿಸಿ ಕತ್ತಲಲ್ಲಿ ಅರ್ಧ ಗಂಟೆ ಇಡುತ್ತಾರೆ. ಸಾರದಲ್ಲಿರುವ ಫಿನಾಲ್‌ಗಳು ಹೈಡ್ರೋಜನ್ ಬಿಟ್ಟುಕೊಟ್ಟಂತೆಲ್ಲ ನೇರಳೆ ಕರಗುತ್ತಾ ತಿಳಿ ಹಳದಿಗೆ ಬರುತ್ತದೆ. ಬಣ್ಣ ಎಷ್ಟು ಮಾಸಿತು ಎಂಬುದನ್ನು 517 ನ್ಯಾನೋಮೀಟರ್ ತರಂಗಾಂತರದಲ್ಲಿ ಯಂತ್ರ ಓದುತ್ತದೆ. ಫೋಲಿನ್ ಕಾರಕದ ಪರೀಕ್ಷೆ ಇನ್ನೊಂದು. ಅಲ್ಲಿ ಹಳದಿ ದ್ರಾವಣ ನೀಲಿಯಾಗುತ್ತದೆ, ಅದನ್ನು ‘ಒಟ್ಟು ಫಿನಾಲ್’ ಎಂದು ಬರೆದುಕೊಳ್ಳುತ್ತಾರೆ. ಹೆಸರಿಗೆ ಫಿನಾಲ್, ಆದರೆ ವಿಟಮಿನ್ ಸಿ ಸೇರಿದಂತೆ ಎಲೆಕ್ಟ್ರಾನು ಕೊಡಬಲ್ಲ ಯಾವುದೇ ವಸ್ತು ಸಿಕ್ಕರೂ ಆ ಕಾರಕ ನೀಲಿಯಾಗುತ್ತದೆ. ಎಫ್‌ಆರ್‌ಎಪಿ, ಎಬಿಟಿಎಸ್, ಓಆರ್‌ಎಸಿ ಎಂದು ಇನ್ನೂ ನಾಲ್ಕಾರು ಇವೆ. ಎಲ್ಲವೂ ಅಗ್ಗ, ಎಲ್ಲವೂ ಬೇಗ ಮುಗಿಯುತ್ತವೆ. ಸಣ್ಣ ಕಾಲೇಜಿನ ಪ್ರಯೋಗಾಲಯದಲ್ಲೂ ಒಂದು ವಾರದಲ್ಲಿ ಒಂದು ಪ್ರಬಂಧಕ್ಕೆ ಬೇಕಾದಷ್ಟು ಅಂಕಿ ಸಿಗುತ್ತದೆ. ಈ ಎಲೆಗಳ ಬಗ್ಗೆ, ಎಲೆಗಳ ಬಗ್ಗೆಯೇ ಯಾಕೆ, ಪ್ರಪಂಚದ ಯಾವುದೇ ಸೊಪ್ಪುಸದೆಯ ಬಗ್ಗೆ ಇಷ್ಟೊಂದು ಆ್ಯಂಟಿಆಕ್ಸಿಡೆಂಟ್ ಪ್ರಬಂಧಗಳು ಇರುವುದಕ್ಕೆ ಇದೂ ಒಂದು ಕಾರಣ.

ಸಾರ ತೆಗೆಯುವ ಬಗೆಯಲ್ಲೇ ಅರ್ಧ ಫಲಿತಾಂಶ ನಿರ್ಧಾರವಾಗಿಬಿಡುತ್ತದೆ. ನೀರಿಗಿಂತ ಮೆಥನಾಲು, ಅಸಿಟೋನು ಎಲೆಯಿಂದ ಹೆಚ್ಚು ಫಿನಾಲ್ ಎಳೆಯುತ್ತವೆ. ಲಿಯೆಜ್ ತಂಡವೇ ಸ್ವಲ್ಪ ಆಮ್ಲ ಬೆರೆಸಿದ ಅಸಿಟೋನ್-ನೀರಿನ ಮಿಶ್ರಣವನ್ನು ಆರಿಸಿಕೊಂಡಿತ್ತು. ಎಲೆಯಲ್ಲಿ ಏನಿದೆ ಎಂದು ತಿಳಿಯಲು ಅದು ಸರಿಯಾದ ದಾರಿಯೇ. ಆದರೆ ಮನೆಯಲ್ಲಿ ಯಾರೂ ಅಸಿಟೋನಿನ ಕಷಾಯ ಕುಡಿಯುವುದಿಲ್ಲವಲ್ಲ. ಒಣ ಎಲೆಯ ಒಂದು ಗ್ರಾಮನ್ನು ಶೇ 80ಕ್ಕೂ ಹೆಚ್ಚು ನೀರೇ ಇರುವ ಹಸಿ ಹಣ್ಣಿನ ಒಂದು ಗ್ರಾಮಿನ ಜೊತೆ ತೂಗಿದರೆ ಎಲೆ ಗೆಲ್ಲದೆ ಇನ್ನೇನಾಗುತ್ತದೆ? ಬಳಕೆಯ ಪ್ರಮಾಣವನ್ನೂ ಹಿಡಿಯಬೇಕು. ಒಂದು ಲೋಟ ಎಲೆಚಹಾಕ್ಕೆ ಹಾಕುವುದು ಎರಡರಿಂದ ನಾಲ್ಕು ಗ್ರಾಂ ಒಣ ಎಲೆ. ಹಣ್ಣಾದರೆ ಒಂದು ಬಟ್ಟಲು, ಅಂದರೆ 100 ಗ್ರಾಂ ಸಲೀಸಾಗಿ ಹೊಟ್ಟೆಗಿಳಿಯುತ್ತದೆ. ಎಲೆ ತೂಕಕ್ಕೆ ತೂಕ ಹತ್ತು ಪಟ್ಟು ಸಮೃದ್ಧ ಎಂದೇ ಇಟ್ಟುಕೊಳ್ಳಿ, ಆಗಲೂ ಲೋಟ ಬಟ್ಟಲನ್ನು ಮೀರಿಸುವುದಿಲ್ಲ.

ಲೋಟದಿಂದ ಒಡಲಿಗೆ ಇಳಿದರೆ ಲೆಕ್ಕ ಇನ್ನೂ ಜಟಿಲವಾಗುತ್ತದೆ. ಐಸೊಕ್ವೆರ್ಸಿಟ್ರಿನ್ ಸಣ್ಣ ಕರುಳಲ್ಲೇ ಸಕ್ಕರೆ ಕಳಚಿಕೊಂಡು ಒಳಗೆ ಹೋಗುತ್ತದೆ. ರುಟಿನ್ ದೊಡ್ಡ ಕರುಳಿನವರೆಗೆ ಸಾಗಿ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಕಾಯಬೇಕು. ಒಳಗೆ ಹೋದದ್ದನ್ನೂ ಕರುಳು ಮತ್ತು ಯಕೃತ್ತು ಬಿಡುವುದಿಲ್ಲ. ಗ್ಲುಕುರೊನೈಡ್, ಸಲ್ಫೇಟ್ ಅಂಟಿಸಿ ಮೂತ್ರದ ದಾರಿ ತೋರಿಸುತ್ತವೆ. ಹೀಗೆ ರಕ್ತದಲ್ಲಿ ಉಳಿಯುವ ಪ್ರಮಾಣ ತೀರಾ ಕಡಿಮೆ, ಉಳಿದದ್ದರ ರೂಪವೂ ಬೇರೆ. ಅದೇ ರಕ್ತದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲಗಳು ಹತ್ತಾರು, ನೂರಾರು ಪಟ್ಟು ಹೆಚ್ಚಿನ ಸಾಂದ್ರತೆಯಲ್ಲಿ ಮೊದಲೇ ಕೆಲಸ ಮಾಡುತ್ತಿರುತ್ತವೆ. ಅಮೆರಿಕದ ಆರೆಗನ್‌ನಲ್ಲಿರುವ ಲೈನಸ್ ಪಾಲಿಂಗ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು 2004ರಲ್ಲಿ ಒಂದು ಸೊಗಸಾದ ಪ್ರಯೋಗ ಪ್ರಕಟಿಸಿದರು. ಸೇಬು ತಿಂದವರ ರಕ್ತದ ಆ್ಯಂಟಿಆಕ್ಸಿಡೆಂಟ್ ಸಾಮರ್ಥ್ಯ ಏರಿದ್ದೇನೋ ನಿಜ. ಆದರೆ ಏರಿಸಿದ್ದು ಸೇಬಿನ ಫ್ಲೇವನಾಯ್ಡ್ ಅಲ್ಲ. ಸೇಬಿನ ಫ್ರಕ್ಟೋಸು ದೇಹದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸಿತ್ತು, ಏರಿಕೆ ಅದರದ್ದು. ಕರಂಟ್ ಎಲೆಯ ಮೇಲೆ ನಡೆದ ಪ್ರಯೋಗವಲ್ಲ ಇದು. ಆದರೂ ಎಲೆಯ ಅಂಕಿಯನ್ನು ಹಿಡಿದು ನೇರವಾಗಿ ರಕ್ತದವರೆಗೆ ಗೆರೆ ಎಳೆಯುವವರು ಒಮ್ಮೆ ಓದಬೇಕಾದದ್ದು.

ಆ್ಯಂಟಿಆಕ್ಸಿಡೆಂಟ್ ಎಂಬ ಇಡೀ ಕಲ್ಪನೆಗೇ ಈ ನಡುವೆ ಪೆಟ್ಟು ಬಿದ್ದಿದೆ. ವಯಸ್ಸಾಗುವುದಕ್ಕೆ ಫ್ರೀ ರ್ಯಾಡಿಕಲ್‌ಗಳೇ ಕಾರಣ ಎಂದು ವಿಜ್ಞಾನಿ ಡೆನ್ಹಮ್ ಹಾರ್ಮನ್ 1956ರಲ್ಲಿ ವಾದ ಮಂಡಿಸಿದ ಮೇಲೆ, ಅವನ್ನು ನಂದಿಸುವ ಏನನ್ನು ತಿಂದರೂ ಒಳ್ಳೆಯದೇ ಎಂಬ ನಂಬಿಕೆ ಬೇರೂರಿತು. 1994ರಲ್ಲಿ ಫಿನ್‌ಲ್ಯಾಂಡಿನಲ್ಲಿ ಧೂಮಪಾನ ಮಾಡುವ 29,133 ಪುರುಷರ ಮೇಲಿನ ಅಧ್ಯಯನದ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟೀನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. 2010ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹತ್ತಾರು ಆಹಾರಗಳ ‘ಆ್ಯಂಟಿಆಕ್ಸಿಡೆಂಟ್ ಗುಣ’ದ ಪ್ರತಿಪಾದನೆಗಳನ್ನು ಪುರಾವೆ ಸಾಲದೆಂದು ತಳ್ಳಿಹಾಕಿತು. 2012ರಲ್ಲಿ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓಆರ್‌ಎಸಿ ಪಟ್ಟಿಯನ್ನೇ ತನ್ನ ಜಾಲತಾಣದಿಂದ ತೆಗೆದುಹಾಕಿತು. ಆ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸಲಾಗಿಲ್ಲ, ಕಂಪನಿಗಳು ಅದನ್ನು ದುರುಪಯೋಗ ಮಾಡುತ್ತಿವೆ ಎಂಬುದು ಇಲಾಖೆ ಕೊಟ್ಟ ಕಾರಣ. ಎಲೆಪುಡಿಯ ಡಬ್ಬಿಗಳ ಮೇಲೆ ಇಂಥ ಅಂಕಿ ಕಂಡರೆ ಯಾವ ಕಾಲದ ಲೆಕ್ಕ ಅದು ಎಂದು ಕೇಳುವ ಹಕ್ಕು ಗಿರಾಕಿಗೆ ಇದೆ.

ಹಾಗಾದರೆ ಎಲೆ ಬರೀ ಸೊಪ್ಪೇ? ಅಲ್ಲ. ಫ್ರೀ ರ್ಯಾಡಿಕಲ್ ನಂದಿಸುವುದನ್ನು ಬಿಟ್ಟು ಬೇರೆ ದಾರಿಯಲ್ಲಿ ಅದು ಕೆಲಸ ಮಾಡಬಹುದು ಎನ್ನುವುದಕ್ಕೆ ಸುಳಿವುಗಳಿವೆ. ಲಿಯೆಜ್‌ನ ಇನ್ನೊಂದು ತಂಡ ಬ್ಲ್ಯಾಕ್‌ಕರಂಟ್ ಎಲೆಯ ಪ್ರೊಡೆಲ್ಫಿನಿಡಿನ್‌ಗಳನ್ನು ಬೇರ್ಪಡಿಸಿ ಇಲಿಗಳಲ್ಲಿ ಪ್ರಯೋಗಿಸಿತು. ಉರಿಯೂತದ ಜಾಗಕ್ಕೆ ನುಗ್ಗುವ ಬಿಳಿರಕ್ತಕಣಗಳ ಸಂಖ್ಯೆ ತಗ್ಗಿತು. ರಕ್ತನಾಳದ ಗೋಡೆಗೆ ಆ ಕಣಗಳು ಅಂಟಿಕೊಳ್ಳಲು ಬೇಕಾದ ಅಣುಗಳನ್ನೇ ಈ ಸಂಯುಕ್ತಗಳು ತಡೆಯುತ್ತವೆ ಎಂಬುದು ಅವರ ವಿವರಣೆ. ಜರ್ಮನಿಯ ಸಂಶೋಧಕರು 2013ರಲ್ಲಿ ಕಾಡು ಬ್ಲ್ಯಾಕ್‌ಕರಂಟ್ ಎಲೆಯ ಸಾರ ಇನ್‌ಫ್ಲುಯೆಂಜಾ ವೈರಸ್ಸು ಜೀವಕೋಶದೊಳಗೆ ಹೊಗದಂತೆ ತಡೆಯುತ್ತದೆ ಎಂದು ತೋರಿಸಿದರು. ಅದೂ ಕೋಶಗಳಲ್ಲಿ ಮತ್ತು ಇಲಿಗಳಲ್ಲಿ. ಎರಡೂ ಕುತೂಹಲ ಹುಟ್ಟಿಸುವ ಕೆಲಸಗಳು, ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ಇನ್ನೂ ಖಾಲಿಯೇ ಇದೆ.

ಯುರೋಪಿನ ಔಷಧ ಸಂಸ್ಥೆ ಬ್ಲ್ಯಾಕ್‌ಕರಂಟ್ ಎಲೆಯನ್ನು ಗಿಡಮೂಲಿಕೆಯಾಗಿ ಮಾನ್ಯ ಮಾಡಿದೆ ಎಂಬುದನ್ನು ಮಾರಾಟಗಾರರು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಮಾನ್ಯತೆ ನಿಜ, ಆದರೆ ಏತಕ್ಕೆ ಎಂದು ಓದಿ ನೋಡಬೇಕು: ಕೀಲುಗಳ ಸಣ್ಣಪುಟ್ಟ ನೋವಿಗೆ, ಮತ್ತು ಮೂತ್ರದ ಪ್ರಮಾಣ ಹೆಚ್ಚಿಸಿ ಮೂತ್ರನಾಳವನ್ನು ತೊಳೆಯಲು. ಅದೂ ‘ಸಾಂಪ್ರದಾಯಿಕ ಬಳಕೆ’ ಎಂಬ ವರ್ಗದಲ್ಲಿ. ಕನಿಷ್ಠ 30 ವರ್ಷದಿಂದ ಜನ ಬಳಸುತ್ತಿದ್ದಾರೆ, ಅಪಾಯ ಕಂಡುಬಂದಿಲ್ಲ ಎಂಬುದಷ್ಟೇ ಅದರ ಆಧಾರ; ರೋಗಿಗಳ ಮೇಲೆ ಪರೀಕ್ಷೆ ನಡೆದು ಗುಣ ಸಾಬೀತಾಯಿತು ಎಂದಲ್ಲ. ಹೃದಯ ಅಥವಾ ಮೂತ್ರಪಿಂಡದ ತೀವ್ರ ತೊಂದರೆಯಿಂದ ನೀರು ಕಡಿಮೆ ಕುಡಿಯಿರಿ ಎಂದು ವೈದ್ಯರು ಹೇಳಿರುವವರು ಇದರ ತಂಟೆಗೆ ಹೋಗಬಾರದು. ಟ್ಯಾನಿನ್ ತುಂಬಿದ ಯಾವುದೇ ಎಲೆಯ ಕಷಾಯ ಊಟದ ಜೊತೆ ಕುಡಿದರೆ ಸೊಪ್ಪು ಕಾಳುಗಳಲ್ಲಿನ ಕಬ್ಬಿಣವನ್ನು ದೇಹಕ್ಕೆ ಸರಿಯಾಗಿ ಸೇರಗೊಡುವುದಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ. ರಕ್ತಹೀನತೆ ಮನೆಮನೆಯಲ್ಲಿರುವ ನಮ್ಮಂಥ ಕಡೆ ಇದು ಸಣ್ಣ ಮಾತಲ್ಲ.

ಗೂಸ್‌ಬೆರಿ ಎಲೆಯ ವಿಚಾರಕ್ಕೆ ಬಂದರೆ ಬರೆಯುವುದಕ್ಕೇ ಹೆಚ್ಚೇನಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನ ಎಗ್ಟನ್ ಬ್ರಿಜ್ ಎಂಬ ಹಳ್ಳಿಯಲ್ಲಿ 1800ರಿಂದಲೂ ಗೂಸ್‌ಬೆರಿ ಹಣ್ಣಿನ ತೂಕದ ಪಂದ್ಯ ನಡೆಯುತ್ತಿದೆ. ಇನ್ನೂರು ವರ್ಷ ಹಣ್ಣನ್ನು ಚಿನ್ನದಂತೆ ತೂಗಿದವರು ಎಲೆಯ ಕಡೆ ನೋಡಿದ್ದು ಹುಳು ಬಿದ್ದಾಗ ಮಾತ್ರ. ರೆಡ್‌ಕರಂಟ್ ಎಲೆಯದ್ದೂ ಹೆಚ್ಚುಕಡಿಮೆ ಇದೇ ಪಾಡು. ಎರಡರಲ್ಲೂ ಕ್ವೆರ್ಸೆಟಿನ್, ಕೆಂಪ್‌ಫೆರಾಲ್ ಬಳಗದ ಸಂಯುಕ್ತಗಳು, ಫಿನಾಲಿಕ್ ಆಮ್ಲಗಳು ಇವೆ. ಆದರೆ ಬ್ಲ್ಯಾಕ್‌ಕರಂಟ್ ಎಲೆಗೆ ಸಿಕ್ಕಿರುವಷ್ಟು ವಿವರವಾದ ಅಧ್ಯಯನ ಅವಕ್ಕೆ ಸಿಕ್ಕಿಲ್ಲ. ‘ಕರಂಟ್ ಮತ್ತು ಗೂಸ್‌ಬೆರಿ ಎಲೆಗಳ ಗುಣ’ ಎಂದು ಒಟ್ಟಿಗೆ ಬರೆಯುವ ಲೇಖನಗಳಲ್ಲಿ ಗೂಸ್‌ಬೆರಿ ಬಹುಪಾಲು ದಾಯಾದಿಯ ಹೆಸರಲ್ಲಿ ಬದುಕುತ್ತದೆ. ಹಿಮಾಲಯದ ಪ್ರಭೇದಗಳದ್ದು ಇನ್ನೊಂದು ಬಗೆಯ ಆಸಕ್ತಿ. ಅಷ್ಟು ಎತ್ತರದಲ್ಲಿ ಅತಿನೇರಳೆ ಕಿರಣ ಪ್ರಖರ, ಬೆಳೆಯುವ ಕಾಲ ಗಿಡ್ಡ. ಬಿಸಿಲಿಗೆ ಫ್ಲೇವನಾಲ್ ಏರುತ್ತದೆ ಎಂಬ ಸೂತ್ರ ಹಿಡಿದು ಹೊರಟರೆ ಲಡಾಖಿನ ಎಲೆಯನ್ನೂ ಸ್ವೀಡನ್ನಿನ ಎಲೆಯನ್ನೂ ಒಂದೇ ವಿಧಾನದಲ್ಲಿ ಪಕ್ಕಪಕ್ಕ ಅಳೆಯಬೇಕು. ನಮ್ಮ ದೇಶದ ಪ್ರಯೋಗಾಲಯಗಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ಎಲೆಯ ಆ್ಯಂಟಿಆಕ್ಸಿಡೆಂಟ್ ಗುಣ ನಿಜವಾಗಿ ಬೆಲೆ ಬಾಳುವುದು ನಮ್ಮ ಹೊಟ್ಟೆಯೊಳಗಲ್ಲ, ಹೊಟ್ಟೆಗೆ ಹೋಗುವ ಮುಂಚಿನ ಆಹಾರದಲ್ಲಿ ಎಂಬುದು ನನ್ನ ಅಭಿಪ್ರಾಯ. ಇದನ್ನು ಅಜ್ಜಿಯರು ಬೇರೆ ದಾರಿಯಿಂದ ಮೊದಲೇ ತಲುಪಿದ್ದರು. ರಷ್ಯಾದ ಮನೆಗಳಲ್ಲಿ ಸೌತೆಕಾಯಿಯನ್ನು ಉಪ್ಪುನೀರಿನಲ್ಲಿ ಹುಳಿಬರಿಸುವಾಗ ಭರಣಿಯ ತಳಕ್ಕೆ ಸಬ್ಬಸಿಗೆಯ ಹೂಗೊಂಚಲು, ಬೆಳ್ಳುಳ್ಳಿ, ಹಾರ್ಸ್‌ರ್ಯಾಡಿಷ್ ಎಲೆ, ಅದರ ಜೊತೆ ಬ್ಲ್ಯಾಕ್‌ಕರಂಟಿನ ನಾಲ್ಕಾರು ಎಲೆ ಹಾಸುತ್ತಾರೆ. ಪರಿಮಳಕ್ಕೂ ಹೌದು, ಕಾಯಿ ಮೆತ್ತಗಾಗದೆ ಕರುಂಕುರುಂ ಎನ್ನಲಿ ಎಂದೂ ಹೌದು. ಕಾಯಿಯ ಪೆಕ್ಟಿನ್ ಕರಗಿಸುವ ಕಿಣ್ವಗಳೂ ಪ್ರೋಟೀನುಗಳೇ, ಟ್ಯಾನಿನ್ನಿಗೆ ಪ್ರೋಟೀನನ್ನು ಹಿಡಿದುಕೊಳ್ಳುವ ಸ್ವಭಾವವಿದೆ. ಅಜ್ಜಿಯರ ಲೆಕ್ಕ ಅಲ್ಲಿಗೆ ತಾಳೆಯಾಗುವಂತಿದೆ. ಪೋಲೆಂಡಿನ ಸಂಶೋಧಕರು 2016ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹುಳಿ ಚೆರಿ ಮತ್ತು ಬ್ಲ್ಯಾಕ್‌ಕರಂಟ್ ಎಲೆಯ ಪಾಲಿಫಿನಾಲ್ ಸಾರವನ್ನು ಹಂದಿಮಾಂಸದ ಸಾಸೇಜಿಗೆ ಬೆರೆಸಿ ತಂಪಿನಲ್ಲಿ ಇಟ್ಟು ನೋಡಿದರು. ಕೊಬ್ಬು ಕಮಟುವುದು ನಿಧಾನವಾಯಿತು, ಸೂಕ್ಷ್ಮಜೀವಿಗಳ ಬೆಳವಣಿಗೆಯೂ ತಗ್ಗಿತು. ಕೊಬ್ಬು ಕಮಟುವುದೆಂದರೆ ಫ್ರೀ ರ್ಯಾಡಿಕಲ್‌ಗಳ ಸರಪಳಿ ಕ್ರಿಯೆಯೇ. ಇಲ್ಲಿ ಎಲೆಯ ಫಿನಾಲು ಕೊಬ್ಬಿನ ಪಕ್ಕದಲ್ಲೇ ಇದೆ. ಕರುಳಿಲ್ಲ, ಯಕೃತ್ತಿಲ್ಲ, ತಡೆಯುವವರು ಯಾರೂ ಇಲ್ಲ. ಪ್ರನಾಳದ ಪರೀಕ್ಷೆ ಏನನ್ನು ಅಳೆಯುತ್ತದೋ ಹೆಚ್ಚುಕಡಿಮೆ ಅದೇ ಕ್ರಿಯೆ ಸಾಸೇಜಿನೊಳಗೆ ನಡೆಯುತ್ತದೆ. ಹಾಗಾಗಿ ಆ ಅಂಕಿಗೆ ಅರ್ಥ ಬರುವ ಜಾಗ ಇದು. ಬಿಎಚ್‌ಎ, ಬಿಎಚ್‌ಟಿಯಂಥ ಕೃತಕ ರಾಸಾಯನಿಕಗಳಿಗೆ ಬದಲಿ ಹುಡುಕುತ್ತಿರುವ ಆಹಾರೋದ್ಯಮಕ್ಕೆ ಇದರ ಆಕರ್ಷಣೆ ಸಹಜ. ಒಗರು ಮತ್ತು ಬಣ್ಣ ಎಲ್ಲಿಯವರೆಗೆ ನಡೆಯುತ್ತದೆ ಎನ್ನುವುದು ಅಡುಗೆಯವರ ನಾಲಗೆಗೆ ಬಿಟ್ಟ ಪ್ರಶ್ನೆ.

ಕಡೆಗೆ ತೋಟದ ಮಾತು. ‘ಹಣ್ಣು ಕೊಯ್ದ ಮೇಲೆ ವ್ಯರ್ಥವಾಗುವ ಎಲೆ’ ಎಂದು ಪ್ರಬಂಧಗಳ ಪೀಠಿಕೆಯಲ್ಲಿ ಬರೆಯುವುದು ವಾಡಿಕೆ. ಪೊದೆಯ ಮೇಲಿನ ಎಲೆ ವ್ಯರ್ಥ ಹೇಗಾದೀತು? ಕೊಯ್ಲು ಮುಗಿದ ಮೇಲೆ ಮುಂದಿನ ವರ್ಷದ ಹೂಮೊಗ್ಗು ಕಟ್ಟಲು ಬೇಕಾದ ಅನ್ನ ಬೇಯಿಸುವುದು ಅದೇ ಎಲೆ. ಹಣ್ಣಿನ ವಿಟಮಿನ್ ಸಿ ಎಲೆಯಿಂದ ಹರಿದು ಬರುವುದಲ್ಲ, ಹಣ್ಣೇ ಅದನ್ನು ತನ್ನೊಳಗೆ ತಯಾರಿಸಿಕೊಳ್ಳುತ್ತದೆ ಎಂದು ಸ್ಕಾಟ್‌ಲ್ಯಾಂಡಿನ ಡಂಡೀ ಬಳಿಯ ಬೆಳೆ ಸಂಶೋಧನಾ ಸಂಸ್ಥೆಯವರು 2007ರಲ್ಲಿ ತೋರಿಸಿದ್ದಾರೆ. ಆದರೆ ಅದಕ್ಕೆ ಬೇಕಾದ ಸಕ್ಕರೆ ಎಲೆಯದ್ದೇ. ಫಿನಾಲ್ ಚೆನ್ನಾಗಿ ಸಿಗುವುದು ಜೂನಿನಲ್ಲಿ, ಅಂದರೆ ಹಣ್ಣು ಮಾಗುವ ಮುಂಚೆ. ಆಗ ಎಲೆ ಬೋಳಿಸಿದರೆ ಹಣ್ಣಿಗೆ ಹೊಡೆತ. ಹಣ್ಣಿನ ತೋಟಕ್ಕೆ ಬೂದಿರೋಗಕ್ಕೆಂದು, ಹುಳಕ್ಕೆಂದು ಔಷಧಿ ಹೊಡೆದಿರುತ್ತಾರೆ. ಅದು ಮೊದಲು ಕೂರುವುದು ಎಲೆಯ ಮೇಲೆ, ಸಾರ ತೆಗೆದರೆ ಸಾರದೊಳಗೆ. ಬಿಳಿ ಪೈನ್ ಮರಗಳನ್ನು ಕೊಲ್ಲುವ ತುಕ್ಕುರೋಗದ ಶಿಲೀಂಧ್ರ ಬ್ಲ್ಯಾಕ್‌ಕರಂಟಿನ ಎಲೆಯ ಬೆನ್ನಿನಲ್ಲಿ ಅರ್ಧ ಆಯುಸ್ಸು ಕಳೆಯುತ್ತದೆಂದು ಅಮೆರಿಕ 1911ರಲ್ಲಿ ಗಿಡವನ್ನೇ ನಿಷೇಧಿಸಿತ್ತು. ಒಕ್ಕೂಟ ಸರ್ಕಾರ 1966ರಲ್ಲಿ ನಿಷೇಧ ತೆಗೆದರೂ ಕೆಲವು ರಾಜ್ಯಗಳಲ್ಲಿ ಅದು ಬಹಳ ಕಾಲ ಉಳಿಯಿತು. ನ್ಯೂಯಾರ್ಕ್ ರಾಜ್ಯ ಸಡಿಲಿಸಿದ್ದು 2003ರಲ್ಲಿ. ಔಷಧಿ ಹೊಡೆಯದೆ, ರೋಗ ತಾಳುವ ತಳಿ ಆರಿಸಿ, ಜೂನಿನಲ್ಲಿ ಕೊಯ್ದು, ನೆರಳಲ್ಲಿ ಒಣಗಿಸಿ ಎಲೆಗೆಂದೇ ಬೆಳೆಯುವವರು ಅದನ್ನು ಉಪ ಉತ್ಪನ್ನ ಎಂದು ಬರೆದುಕೊಳ್ಳಲಾಗದು. ಕೂಲಿ, ನೆಲ, ಗೊಬ್ಬರ ಎಲ್ಲವನ್ನೂ ಅದರ ಖಾತೆಗೇ ಹಾಕಿ, ಆಮೇಲೆ ಸಾಸೇಜು ಕಾರ್ಖಾನೆಯ ಜೊತೆ ದರ ಮಾತಾಡಬೇಕು.